ಲೈಬ್ರರಿ ಮಾರುತ್ತಿಲ್ಲ, ಲೀಸಿಗೆ ಕೊಡುತ್ತಿದ್ದೇವೆ ಅಷ್ಟೇ

ಪಶ್ಚಿಮ ಲಂಡನ್ನಿನ ಲ್ಯಾಡ್‌ಬ್ರೋಕ್ ಗ್ರೋವ್ ರಸ್ತೆಯಲ್ಲಿ 1891ರಿಂದ ನಡೆಯುತ್ತಿರುವ ಒಂದು ಸಾರ್ವಜನಿಕ ಗ್ರಂಥಾಲಯವಿದೆ, ನಾರ್ತ್ ಕೆನ್ಸಿಂಗ್ಟನ್ ಲೈಬ್ರರಿ. ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿ ಎರಡನೇ ದರ್ಜೆಯ ಸ್ಥಾನ ಪಡೆದಿರುವ ಈ ಕಟ್ಟಡವನ್ನು 25 ವರ್ಷಗಳ ಲೀಸಿಗೆ ನೆರೆಯ ಖಾಸಗಿ ಶಾಲೆಗೆ ಕೊಡಲು ಕೆನ್ಸಿಂಗ್ಟನ್ ಮತ್ತು ಚೆಲ್ಸಿ ಕೌನ್ಸಿಲ್, ಅಂದರೆ ಅಲ್ಲಿನ ಚುನಾಯಿತ ಸ್ಥಳೀಯ ಆಡಳಿತ, ಕಳೆದ ದಶಕದ ನಡುವೆ ಹೊರಟಿತ್ತು. ಓದುಗರಿಗೆ ಪಕ್ಕದಲ್ಲೇ ಹೊಸ ಲೈಬ್ರರಿ ಕಟ್ಟಿಕೊಡುತ್ತೇವೆ, ಹಳೆಯದನ್ನು ಮಾರುವುದಿಲ್ಲ, ಅದರಿಂದ ಬಾಡಿಗೆ ಬರುತ್ತದೆ, ಒಡೆತನ ನಮ್ಮಲ್ಲೇ ಇರುತ್ತದೆ ಎಂಬುದು ಕೌನ್ಸಿಲ್ಲಿನ ವಾದ.

ಮೇಲ್ನೋಟಕ್ಕೆ ತಕರಾರು ತೆಗೆಯಲು ಏನೂ ಇಲ್ಲ. ಹಳೆಯ ಕಟ್ಟಡ, ಮೆಟ್ಟಿಲುಗಳು, ಗಾಲಿಕುರ್ಚಿಯಲ್ಲಿ ಬರುವವರಿಗೆ ಕಷ್ಟ, ರಿಪೇರಿ ಖರ್ಚು ಬೇರೆ. ಆದರೂ ಬಡಾವಣೆಯ ಜನ ಸಹಿ ಸಂಗ್ರಹಿಸಿದರು, ಬಾಗಿಲ ಮುಂದೆ ನಿಂತರು, ಸಭೆಗಳಲ್ಲಿ ಕೂಗಾಡಿದರು. ಇಂಥ ಜಗಳಗಳು ಬ್ರಿಟನ್ನಿನಲ್ಲಿ ಹದಿನೈದು ವರ್ಷಗಳಿಂದ ಒಂದಾದ ಮೇಲೊಂದು ನಡೆಯುತ್ತಲೇ ಇವೆ. ಬಹುತೇಕ ಎಲ್ಲ ಕಡೆಯೂ ಕೌನ್ಸಿಲ್ಲು ಸೇವೆಯ ಬಗ್ಗೆ ಮಾತಾಡುತ್ತದೆ, ಜನ ಕಟ್ಟಡದ ಬಗ್ಗೆ ಮಾತಾಡುತ್ತಾರೆ. ಇಬ್ಬರಿಗೂ ಪರಸ್ಪರ ಅರ್ಥವಾಗದ ಹಾಗೆ ಕಾಣುತ್ತದೆ. ನನಗನ್ನಿಸುವಂತೆ ಕೌನ್ಸಿಲ್ಲಿಗೆ ಅರ್ಥವಾಗಿಯೇ ಇರುತ್ತದೆ. ಕಾನೂನು ಕಟ್ಟಡವನ್ನು ಕಾಯುವುದಿಲ್ಲ ಎಂಬುದು ಅದಕ್ಕೆ ಗೊತ್ತು.

ಕಾನೂನಿಗೆ ಹೋಗುವ ಮುನ್ನ ಆ ಬಡಾವಣೆಯ ಸಿಟ್ಟು ಎಲ್ಲಿಂದ ಬಂತು ಎಂದು ನೋಡಬೇಕು. ಕೆನ್ಸಿಂಗ್ಟನ್ ಮತ್ತು ಚೆಲ್ಸಿ ಬ್ರಿಟನ್ನಿನ ಅತಿ ಸಿರಿವಂತ ಆಡಳಿತ ಪ್ರದೇಶಗಳಲ್ಲಿ ಒಂದು. ದಕ್ಷಿಣಕ್ಕೆ ಕೋಟ್ಯಧಿಪತಿಗಳ ಬೀದಿಗಳು. ಉತ್ತರಕ್ಕೆ, ಅಂದರೆ ನಾರ್ತ್ ಕೆನ್ಸಿಂಗ್ಟನ್ನಿಗೆ, ಕೌನ್ಸಿಲ್ ವಸತಿ ಸಮುಚ್ಚಯಗಳು, ಕೆರಿಬಿಯನ್ ದ್ವೀಪಗಳಿಂದ ಬಂದವರು, ಮೊರಾಕೊದವರು, ಐರಿಷರು. 1958ರ ಜನಾಂಗೀಯ ಗಲಭೆ ನಡೆದದ್ದು ಈ ಬೀದಿಗಳಲ್ಲಿ, ನಾಟಿಂಗ್ ಹಿಲ್ ಕಾರ್ನಿವಲ್ ಬೆಳೆದದ್ದೂ ಇಲ್ಲೇ. 1970ರಲ್ಲಿ ವೆಸ್ಟ್‌ವೇ ಎಂಬ ಎತ್ತರದ ಹೆದ್ದಾರಿ ಇದೇ ಬಡಾವಣೆಯ ಎದೆಯ ಮೇಲೆ ಹಾದು ಹೋಯಿತು. ಅದರ ಕೆಳಗೆ ಉಳಿದ 23 ಎಕರೆ ಜಾಗಕ್ಕಾಗಿ ಜನ ಹೋರಾಡಿಯೇ ಹಕ್ಕು ಪಡೆದರು. ‘ನಿಮ್ಮ ಒಳ್ಳೆಯದಕ್ಕೇ’ ಎಂದು ಟೌನ್ ಹಾಲಿನಿಂದ ಬರುವ ಮಾತನ್ನು ಇಲ್ಲಿನ ಜನ ಸುಲಭಕ್ಕೆ ನಂಬುವುದಿಲ್ಲ.

ಲೈಬ್ರರಿಯ ವಿಷಯದಲ್ಲಿ ನಂಬದಿರಲು ಕಾರಣಗಳೂ ಇದ್ದವು. ಕಟ್ಟಡ ಪಡೆಯಲಿದ್ದ ನಾಟಿಂಗ್ ಹಿಲ್ ಪ್ರೆಪ್, ಆ ಬೀದಿಯ ಬಹುಪಾಲು ಮಕ್ಕಳು ಶುಲ್ಕ ಕಟ್ಟಲಾರದಂಥ ಖಾಸಗಿ ಶಾಲೆ. ಅದೇ ಹೊತ್ತಿಗೆ, 2016ರಲ್ಲಿ, ಕೂಗಳತೆಯಲ್ಲಿದ್ದ ವಾರ್ನಿಂಗ್ಟನ್ ರಸ್ತೆಯ ವಯಸ್ಕರ ಕಾಲೇಜಿನ ಕಟ್ಟಡವನ್ನು ಕೌನ್ಸಿಲ್ಲೇ 2.53 ಕೋಟಿ ಪೌಂಡಿಗೆ ಕೊಂಡುಕೊಂಡಿತ್ತು, ಅಲ್ಲಿ ಮನೆಗಳನ್ನು ಕಟ್ಟುವ ಯೋಚನೆಯಿಂದ. ದುಡ್ಡಿಲ್ಲದೆ ಮಾಡುತ್ತಿದ್ದಾರೆ ಎಂದುಕೊಳ್ಳುವಂತೆಯೂ ಇರಲಿಲ್ಲ. ಕೌನ್ಸಿಲ್ಲಿನ ಮೀಸಲು ನಿಧಿಯಲ್ಲಿ 27.4 ಕೋಟಿ ಪೌಂಡ್ ಇತ್ತು. 2014ರಲ್ಲಿ ಪೂರ್ಣ ತೆರಿಗೆ ಕಟ್ಟುವವರಿಗೆ ತಲಾ 100 ಪೌಂಡ್ ವಾಪಸು ಕೊಟ್ಟು ಅದು ಬೆನ್ನು ತಟ್ಟಿಕೊಂಡಿತ್ತು.

2017ರ ಜೂನ್ 14ರ ರಾತ್ರಿ, ಈ ಲೈಬ್ರರಿಯಿಂದ ನಡೆದು ಹೋಗುವಷ್ಟು ದೂರದಲ್ಲಿದ್ದ ಗ್ರೆನ್‌ಫೆಲ್ ಟವರ್ ಹೊತ್ತಿ ಉರಿಯಿತು. 72 ಜನ ಸತ್ತರು. ಕಟ್ಟಡದ ಸುರಕ್ಷತೆಯ ಬಗ್ಗೆ ವರ್ಷಗಳಿಂದ ಎಚ್ಚರಿಸುತ್ತಿದ್ದ ನಿವಾಸಿಗಳ ಗುಂಪು ಲೈಬ್ರರಿಯ ಲೀಸನ್ನೂ ವಿರೋಧಿಸುತ್ತಿತ್ತು. ಅವರಿಗೆ ಅವು ಎರಡು ಬೇರೆ ಬೇರೆ ವಿಷಯಗಳಾಗಿರಲಿಲ್ಲ. ಆ ತಿಂಗಳ ಕೊನೆಗೆ ಕೌನ್ಸಿಲ್ಲಿನ ನಾಯಕ ನಿಕೋಲಸ್ ಪ್ಯಾಜೆಟ್-ಬ್ರೌನ್ ಮತ್ತು ಉಪನಾಯಕ ರಾಕ್ ಫೀಲ್ಡಿಂಗ್-ಮೆಲೆನ್ ರಾಜೀನಾಮೆ ಕೊಟ್ಟರು. ವಸತಿ ಮತ್ತು ಆಸ್ತಿಯ ಹೊಣೆ ಹೊತ್ತಿದ್ದವರು ಈ ಉಪನಾಯಕರೇ. ಹೊಸದಾಗಿ ಬಂದ ನಾಯಕತ್ವ ಲೀಸ್ ಯೋಜನೆಯನ್ನು ಕೈಬಿಟ್ಟಿತು. ಲೈಬ್ರರಿ ಇಂದಿಗೂ ಅಲ್ಲೇ ಇದೆ. ಇದನ್ನು ಜನರ ಹೋರಾಟದ ಗೆಲುವು ಎಂದು ಬರೆಯುವವರಿದ್ದಾರೆ. ನನಗೆ ಹಾಗೆ ಬರೆಯಲು ಕೈ ಬರುವುದಿಲ್ಲ. ಸಹಿಗಳು, ಸಭೆಗಳು, ಪ್ರತಿಭಟನೆಗಳು ಯಾವುದಕ್ಕೂ ಕದಲದ ತೀರ್ಮಾನ, ಅಷ್ಟು ಸಾವುಗಳಾದ ಮೇಲೆ ಕದಲಿತು.

ಇದು ಶ್ರೀಮಂತ ಕನ್ಸರ್ವೇಟಿವ್ ಕೌನ್ಸಿಲ್ಲಿನ ದುರಹಂಕಾರದ ಕತೆ ಮಾತ್ರ ಆಗಿದ್ದರೆ ಇಲ್ಲಿಗೇ ಮುಗಿಯುತ್ತಿತ್ತು. ಥೇಮ್ಸ್ ನದಿಯ ಆಚೆ ದಡದಲ್ಲಿ, ಲ್ಯಾಂಬೆತ್‌ನಲ್ಲಿ, ಅಧಿಕಾರದಲ್ಲಿದ್ದದ್ದು ಲೇಬರ್ ಪಕ್ಷ. ಅಲ್ಲಿ ಬೊಕ್ಕಸ ನಿಜಕ್ಕೂ ಬತ್ತಿತ್ತು. 2010-11ರಿಂದ 2017-18ರ ನಡುವೆ ಇಂಗ್ಲೆಂಡಿನ ಸ್ಥಳೀಯ ಸಂಸ್ಥೆಗಳಿಗೆ ಕೇಂದ್ರ ಸರ್ಕಾರ ಕೊಡುವ ಹಣ, ಬೆಲೆಯೇರಿಕೆ ಲೆಕ್ಕ ಹಾಕಿದರೆ, ಶೇಕಡಾ 49ರಷ್ಟು ಇಳಿಯಿತು ಎಂದು ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ ಹೇಳಿದೆ. ಲ್ಯಾಂಬೆತ್ ಕೌನ್ಸಿಲ್ 2015ರಲ್ಲಿ ‘ಕಲ್ಚರ್ 2020’ ಎಂಬ ಯೋಜನೆ ತಂದಿತು. ಕೆಲವು ಲೈಬ್ರರಿಗಳನ್ನು ‘ಹೆಲ್ತಿ ಲಿವಿಂಗ್ ಸೆಂಟರ್’ ಮಾಡುವುದು, ಅಂದರೆ ಕೌನ್ಸಿಲ್ಲಿನ ಈಜುಕೊಳ, ಜಿಮ್‌ಗಳನ್ನು ನಡೆಸುತ್ತಿದ್ದ ಜಿಎಲ್ಎಲ್ ಎಂಬ ಸಂಸ್ಥೆಗೆ ಒಪ್ಪಿಸಿ ಜಿಮ್ ಇಡಿಸುವುದು, ಮೂಲೆಯಲ್ಲಿ ಒಂದಷ್ಟು ಪುಸ್ತಕ ಉಳಿಸುವುದು. ಹರ್ನ್ ಹಿಲ್‌ನ ಕಾರ್ನೆಗಿ ಲೈಬ್ರರಿ ಆ ಪಟ್ಟಿಯಲ್ಲಿತ್ತು. ಉಕ್ಕಿನ ದೊರೆ ಆಂಡ್ರ್ಯೂ ಕಾರ್ನೆಗಿ ಕೊಟ್ಟ 12,500 ಪೌಂಡಿನಲ್ಲಿ ಕಟ್ಟಿ 1906ರಲ್ಲಿ ತೆರೆದ ಕಟ್ಟಡ ಅದು.

2016ರ ಮಾರ್ಚ್ 31ರಂದು ಮುಚ್ಚುವ ಹೊತ್ತಾದಾಗ ಒಳಗಿದ್ದ ಓದುಗರು ಹೊರಗೆ ಬರಲಿಲ್ಲ. ತಂದೆತಾಯಂದಿರು, ಮಕ್ಕಳು, ನಿವೃತ್ತರು ಅಲ್ಲೇ ಹಾಸಿಗೆ ಹಾಸಿದರು. ಹತ್ತು ದಿನ ಕಳೆದವು. ಹೈಕೋರ್ಟು ತೆರವಿಗೆ ಆದೇಶ ಕೊಟ್ಟ ಮೇಲೆ ಏಪ್ರಿಲ್ 9ರಂದು ಹೊರಬಂದು, ಅಲ್ಲಿಂದಲೇ ಹೊರಟ ದೊಡ್ಡ ಮೆರವಣಿಗೆಯಲ್ಲಿ ಸೇರಿಕೊಂಡು ಬ್ರಿಕ್ಸ್‌ಟನ್‌ವರೆಗೆ ನಡೆದರು. ವಿರೋಧಿಸಿದ ಆಡಳಿತ ಪಕ್ಷದ ಸದಸ್ಯೆಯೊಬ್ಬರನ್ನು ಪಕ್ಷದ ಗುಂಪಿನಿಂದ ಅಮಾನತು ಮಾಡಲಾಯಿತು. ಬೀಗ ಹಾಕಿದ ಕಟ್ಟಡಕ್ಕೆ ಖಾಸಗಿ ಕಾವಲುಗಾರರನ್ನು ನಿಲ್ಲಿಸಲಾಯಿತು. ದುಡ್ಡು ಉಳಿಸಲು ಮುಚ್ಚಿದ ಲೈಬ್ರರಿಯ ಬಾಗಿಲು ಕಾಯಲು ದುಡ್ಡು ಸುರಿಯುವುದನ್ನು ಬೀದಿಯವರು ಗೇಲಿ ಮಾಡುತ್ತಲೇ ಇದ್ದರು. ಕೊನೆಗೆ ನೆಲಮಾಳಿಗೆ ಅಗೆದು ಜಿಮ್ಮಿಗೆ ಜಾಗ ಮಾಡಿ, 2018ರ ಫೆಬ್ರವರಿಯಲ್ಲಿ ಮೇಲಿನ ಲೈಬ್ರರಿ ತೆರೆದರು. ಸಿಬ್ಬಂದಿ ಇರುವುದು ದಿನದ ಕೆಲವು ಗಂಟೆ ಮಾತ್ರ, ಮಿಕ್ಕ ಹೊತ್ತು ಓದುಗರೇ ಎಲ್ಲ ನೋಡಿಕೊಳ್ಳಬೇಕು. ಐದು ವರ್ಷದ ನಂತರ, 2023ರಲ್ಲಿ, ಲ್ಯಾಂಬೆತ್ ತನ್ನ ಈಜುಕೊಳ ಮತ್ತು ಜಿಮ್‌ಗಳನ್ನು ಜಿಎಲ್ಎಲ್‌ನಿಂದ ವಾಪಸು ಪಡೆದು ತಾನೇ ನಡೆಸಲು ಶುರುಮಾಡಿತು. ಯಾವ ಪಾಲುದಾರನಿಗಾಗಿ ಇಷ್ಟೆಲ್ಲ ರಂಪವಾಯಿತೋ ಆ ಪಾಲುದಾರಿಕೆಗೇ ಅಷ್ಟು ಆಯುಷ್ಯ.

ಪಕ್ಷ ಬೇರೆ, ಬೊಕ್ಕಸ ಬೇರೆ, ದಾರಿ ಮಾತ್ರ ಒಂದೇ. ಯಾಕೆಂದರೆ ಆ ದಾರಿ ಕಾನೂನಿನಲ್ಲೇ ಇದೆ.

ಇಂಗ್ಲೆಂಡಿನಲ್ಲಿ ಲೈಬ್ರರಿ ಕೌನ್ಸಿಲ್ಲಿನ ಇಷ್ಟಕ್ಕೆ ಬಿಟ್ಟ ವಿಷಯವಲ್ಲ. 1964ರ ಸಾರ್ವಜನಿಕ ಗ್ರಂಥಾಲಯ ಮತ್ತು ವಸ್ತುಸಂಗ್ರಹಾಲಯ ಕಾಯ್ದೆಯ ಏಳನೇ ಸೆಕ್ಷನ್ ಪ್ರಕಾರ, ಓದಬಯಸುವ ಎಲ್ಲರಿಗೂ ‘ಸಮಗ್ರ ಮತ್ತು ದಕ್ಷ’ ಸೇವೆ ಕೊಡುವುದು ಅದರ ಕರ್ತವ್ಯ. ಆದರೆ ಕಾಯ್ದೆಯಲ್ಲಿರುವುದು ಸೇವೆಯ ಮಾತು. ಎಷ್ಟು ಲೈಬ್ರರಿ, ಎಷ್ಟು ಹೊತ್ತು, ಯಾವ ಕಟ್ಟಡದಲ್ಲಿ ಎಂಬುದನ್ನು ಅದು ಹೇಳುವುದಿಲ್ಲ. 1891ರ ಭವನದಲ್ಲಿದ್ದ ಸೇವೆ ನಾಳೆ ಒಂದು ಹೊಸ ಕಟ್ಟಡದ ನೆಲಮಹಡಿಯಲ್ಲಿ, ನಾಡಿದ್ದು ಜಿಮ್ಮಿನ ಮೇಲಿನ ಕೋಣೆಯಲ್ಲಿ ನಡೆದರೂ ಕಾಯ್ದೆಗೆ ಬೇಸರವಿಲ್ಲ. ಕರ್ತವ್ಯ ತಪ್ಪಿದ ಕೌನ್ಸಿಲ್ಲನ್ನು ವಿಚಾರಿಸುವ ಅಧಿಕಾರ ಕೇಂದ್ರದ ಮಂತ್ರಿಗಿದೆ. ಅದರಡಿ ವಿರಲ್ ಎಂಬ ಕೌನ್ಸಿಲ್ಲಿನ ಮೇಲೆ ವಿಚಾರಣೆ ನಡೆದದ್ದು 2009ರಲ್ಲಿ. 2010ರಿಂದ 2016ರ ಒಳಗೆ 343 ಲೈಬ್ರರಿಗಳು ಮುಚ್ಚಿದವು, ಸುಮಾರು ಎಂಟು ಸಾವಿರ ಜನರ ಕೆಲಸ ಹೋಯಿತು ಎಂದು ಬಿಬಿಸಿ ಲೆಕ್ಕ ಕೊಟ್ಟಿತ್ತು. ಅಷ್ಟೂ ನಡೆಯುವಾಗ ಆ ಅಧಿಕಾರ ಗೂಟಕ್ಕೆ ನೇತುಹಾಕಿದ ಲಾಠಿಯಂತೆ ಗೋಡೆಯ ಮೇಲೇ ಇತ್ತು.

ನಮ್ಮ ಓದುಗರಿಗೆ ಇಲ್ಲೊಂದು ಮಾತು ಹೇಳಬೇಕು. ಕರ್ನಾಟಕದಲ್ಲಿ 1965ರ ಗ್ರಂಥಾಲಯ ಕಾಯ್ದೆಯಡಿ ಆಸ್ತಿ ತೆರಿಗೆಯ ಜೊತೆ ಶೇಕಡಾ 6ರಷ್ಟು ಗ್ರಂಥಾಲಯ ಕರ ವಸೂಲಾಗುತ್ತದೆ. ಪಾಲಿಕೆಗಳು ಅದನ್ನು ಇಲಾಖೆಗೆ ಸರಿಯಾಗಿ ದಾಟಿಸುತ್ತವೆಯೇ ಎಂಬುದು ಬೇರೆಯೇ ರಾಮಾಯಣ. ಹಣಕ್ಕೊಂದು ಹೆಸರಂತೂ ಇದೆ. ಇಂಗ್ಲೆಂಡಿನಲ್ಲೂ ಒಂದು ಕಾಲಕ್ಕೆ ಆಸ್ತಿ ಮೌಲ್ಯದ ಪ್ರತಿ ಪೌಂಡಿಗೆ ಹೆಚ್ಚೆಂದರೆ ಒಂದು ಪೆನ್ನಿಯಂತೆ ಲೈಬ್ರರಿ ತೆರಿಗೆ ಇತ್ತು. ಆ ಮಿತಿಯನ್ನು 1919ರಲ್ಲಿ ತೆಗೆದುಹಾಕಿದರು. ಈಗ ಅಲ್ಲಿನ ಲೈಬ್ರರಿಯ ದುಡ್ಡು, ವೃದ್ಧರ ಆರೈಕೆಯ ದುಡ್ಡು, ಅನಾಥ ಮಕ್ಕಳ ಪಾಲನೆಯ ದುಡ್ಡು ಎಲ್ಲವೂ ಒಂದೇ ಚೀಲದಲ್ಲಿವೆ. ‘ಹಾಸಿಗೆ ಹಿಡಿದ ಮುದುಕಿಗೆ ದಾದಿಯನ್ನು ಕಳಿಸಲೋ, ಈ ಬೀದಿಗೆ ಪುಸ್ತಕ ಕೊಡಲೋ’ ಎಂದು ಕೌನ್ಸಿಲ್ಲು ಕೇಳಿದಾಗ ಬಾಯಿ ಕಟ್ಟುತ್ತದೆ. ಲ್ಯಾಂಬೆತ್ ಮಟ್ಟಿಗೆ ಆ ಪ್ರಶ್ನೆ ಸುಳ್ಳೂ ಅಲ್ಲ.

ಸೇವೆಗೆ ಒಂದು ಕಾಯ್ದೆಯಾದರೆ ಕಟ್ಟಡಕ್ಕೆ ಇನ್ನೊಂದು. ಕೌನ್ಸಿಲ್ಲು ಆಸ್ತಿ ವಿಲೇವಾರಿ ಮಾಡುವುದು 1972ರ ಸ್ಥಳೀಯ ಸರ್ಕಾರ ಕಾಯ್ದೆಯ 123ನೇ ಸೆಕ್ಷನ್ನಿನಡಿ. ಏಳು ವರ್ಷಕ್ಕಿಂತ ಹೆಚ್ಚಿನ ಲೀಸನ್ನು ಈ ಸೆಕ್ಷನ್ ಮಾರಾಟದ ಸಾಲಿಗೇ ಸೇರಿಸುತ್ತದೆ. ಹಾಗಾಗಿ ‘ಮಾರುತ್ತಿಲ್ಲ’ ಎಂಬ ಮಾತನ್ನು ಕೌನ್ಸಿಲ್ಲಿನ ವಕೀಲರು ತಮ್ಮ ಕಡತದಲ್ಲಿ ಬರೆಯುವುದಿಲ್ಲ. ಅದು ಪತ್ರಿಕಾ ಹೇಳಿಕೆಗೆ ಮೀಸಲು. ಈ ಸೆಕ್ಷನ್ ಕೇಳುವ ಮುಖ್ಯ ಪ್ರಶ್ನೆ ಒಂದೇ, ಸಿಗಬಹುದಾದ ಅತ್ಯುತ್ತಮ ಬೆಲೆ ಸಿಕ್ಕಿತೇ? ಸಮುದಾಯದ ಹಿತಕ್ಕಾಗಿ ಕಡಿಮೆ ಬೆಲೆಗೆ ಕೊಡಲು 2003ರಿಂದ ಒಂದು ಸಾಮಾನ್ಯ ಅನುಮತಿ ಇದೆ, ಇಪ್ಪತ್ತು ಲಕ್ಷ ಪೌಂಡಿನ ನಷ್ಟದವರೆಗೆ. ಅದು ಅನುಮತಿ ಮಾತ್ರ, ಕೌನ್ಸಿಲ್ಲಿಗೆ ಬೇಡವಾದರೆ ಬೇಡ. ಸ್ಥಳೀಯರ ಸಂಘವೊಂದು ಕಟ್ಟಡ ಕೇಳಿದಾಗ ‘ನಮ್ಮ ಕೈ ಕಟ್ಟಿದೆ’ ಎನ್ನುವ ಅಧಿಕಾರಿ ಅರ್ಧ ಸತ್ಯ ಹೇಳುತ್ತಿರುತ್ತಾರೆ.

ಇದೇ ಸೆಕ್ಷನ್ನಿನಲ್ಲಿ ಇನ್ನೊಂದು ವಿಚಿತ್ರ ಇದೆ. ಉದ್ಯಾನ, ಬಯಲಿನಂಥ ತೆರೆದ ಜಾಗವನ್ನು ಹೀಗೆ ಕೊಡುವುದಾದರೆ ಸ್ಥಳೀಯ ಪತ್ರಿಕೆಯಲ್ಲಿ ಸತತ ಎರಡು ವಾರ ಪ್ರಕಟಣೆ ಹಾಕಬೇಕು, ಬಂದ ಆಕ್ಷೇಪಗಳನ್ನು ಪರಿಶೀಲಿಸಬೇಕು. ಲೈಬ್ರರಿಗೆ ಅಂಥ ನಿಯಮವಿಲ್ಲ. ಹುಲ್ಲಿಗಿರುವಷ್ಟು ರಕ್ಷಣೆ ಪುಸ್ತಕಕ್ಕಿಲ್ಲ.

ನಗರ ಯೋಜನಾ ನಿಯಮಗಳಾದರೂ ತಡೆಯಬೇಕಲ್ಲ? ಅಲ್ಲೂ ಒಂದು ಸಂದು ಇದೆ. ಇಂಗ್ಲೆಂಡಿನಲ್ಲಿ ಕಟ್ಟಡಗಳ ಬಳಕೆಯನ್ನು ವರ್ಗಗಳಾಗಿ ವಿಂಗಡಿಸಿದ್ದಾರೆ. ಒಂದೇ ವರ್ಗದೊಳಗಿನ ಬದಲಾವಣೆಗೆ ಸಾಮಾನ್ಯವಾಗಿ ಅನುಮತಿ ಬೇಡ. ಲೈಬ್ರರಿ ಮತ್ತು ಶಾಲೆ ಆಗ ಡಿ1 ಎಂಬ ಒಂದೇ ವರ್ಗದಲ್ಲಿದ್ದವು, 2020ರ ಬದಲಾವಣೆಯ ನಂತರ ಎಫ್1 ಎಂಬ ಒಂದೇ ವರ್ಗದಲ್ಲಿವೆ. ಬಾಗಿಲು ಎಲ್ಲರಿಗೂ ತೆರೆದಿರುವ ಲೈಬ್ರರಿಯೂ ಶುಲ್ಕ ಕಟ್ಟಿದವರಿಗಷ್ಟೇ ತೆರೆಯುವ ಶಾಲೆಯೂ ಯೋಜನಾ ಇಲಾಖೆಯ ಕಣ್ಣಿಗೆ ಒಂದೇ. ಸಂರಕ್ಷಿತ ಕಟ್ಟಡವಾದರೆ ಒಳಗೆ ಒಡೆದು ಕಟ್ಟಲು ಬೇರೆ ಒಪ್ಪಿಗೆ ಬೇಕು, ನಿಜ. ಆ ಒಪ್ಪಿಗೆ ಕಾಯುವುದು ಕಮಾನು, ಮೆಟ್ಟಿಲು, ಕಿಟಕಿಗಳನ್ನು. ಒಳಗೆ ಯಾರು ಕೂರುತ್ತಾರೆ ಎಂಬುದು ಅದರ ವ್ಯಾಪ್ತಿಗೆ ಬರುವುದಿಲ್ಲ.

ಇನ್ನು ‘25 ವರ್ಷ ಆದಮೇಲೆ ನಮಗೇ ವಾಪಸು’ ಎಂಬ ಸಮಾಧಾನ. ಇದು ಬೆಂಗಳೂರಿನ ಮನೆ ಲೀಸಿನ ಹಾಗೆ ಅವಧಿ ಮುಗಿದೊಡನೆ ಕೊಟ್ಟ ಹಣ ವಾಪಸು ಪಡೆದು ಖಾಲಿ ಮಾಡುವ ವ್ಯವಹಾರವಲ್ಲ. 1954ರ ಮಾಲೀಕ-ಬಾಡಿಗೆದಾರ ಕಾಯ್ದೆ ವ್ಯವಹಾರಕ್ಕಾಗಿ ಕಟ್ಟಡ ಹಿಡಿದವರಿಗೆ, ಅವಧಿ ಮುಗಿದ ಮೇಲೆ ಲೀಸನ್ನು ನವೀಕರಿಸಿಕೊಳ್ಳುವ ಹಕ್ಕು ಕೊಡುತ್ತದೆ. ಮೊದಲೇ ಎರಡೂ ಕಡೆಯವರು ಒಪ್ಪಿ ಆ ಹಕ್ಕನ್ನು ಕೈಬಿಡಬಹುದು. ಬಿಟ್ಟಿದ್ದಾರೋ ಇಲ್ಲವೋ ಎಂಬುದು ಕರಾರಿನ ಷರತ್ತುಗಳಲ್ಲಿರುತ್ತದೆ. ಆ ಷರತ್ತುಗಳು ಕೌನ್ಸಿಲ್ ಸಭೆಯ ಕಾಗದಪತ್ರಗಳಲ್ಲಿ ಸಾಮಾನ್ಯವಾಗಿ ‘ವ್ಯಾಪಾರ ಗೋಪ್ಯತೆ’ಯ ಹೆಸರಲ್ಲಿ ಸಾರ್ವಜನಿಕರಿಗೆ ಮುಚ್ಚಿಟ್ಟ ಭಾಗಕ್ಕೆ ಹೋಗುತ್ತವೆ. 2000ದ ಸ್ಥಳೀಯ ಸರ್ಕಾರ ಕಾಯ್ದೆಯ ನಂತರ ಬಹಳಷ್ಟು ಕೌನ್ಸಿಲ್‌ಗಳಲ್ಲಿ ತೀರ್ಮಾನ ಮಾಡುವುದು ಹತ್ತು ಜನರೊಳಗಿನ ಒಂದು ಸಂಪುಟ. ಆ ವಾರ್ಡಿನಿಂದ ಗೆದ್ದ ಸದಸ್ಯ ಅದರಲ್ಲಿ ಇಲ್ಲದಿದ್ದರೆ ಅವರು ಮಾತಾಡಬಹುದು, ಮತ ಹಾಕುವಂತಿಲ್ಲ.

ಹಾಗಾದರೆ ಕೋರ್ಟಿಗೆ ಹೋದವರಿಗೆ ಏನು ಸಿಕ್ಕಿತು? ಮಿಶ್ರ ಫಲ. 2011ರಲ್ಲಿ ಗ್ಲೌಸ್ಟರ್‌ಶೈರ್ ಮತ್ತು ಸಾಮರ್ಸೆಟ್‌ನ ಕಡಿತಗಳನ್ನು ಹೈಕೋರ್ಟು ರದ್ದು ಮಾಡಿತು, ಬಡವರು, ಅಂಗವಿಕಲರಂಥವರ ಮೇಲೆ ಆಗುವ ಪರಿಣಾಮವನ್ನು ಕೌನ್ಸಿಲ್‌ಗಳು ಸರಿಯಾಗಿ ಯೋಚಿಸಿಲ್ಲ ಎಂದು. 2018ರಲ್ಲಿ ನಾರ್ತಾಂಪ್ಟನ್‌ಶೈರ್‌ನ 21 ಲೈಬ್ರರಿಗಳ ವಿಷಯದಲ್ಲೂ ಜನರೇ ಗೆದ್ದರು. ಎಲ್ಲವೂ ಪ್ರಕ್ರಿಯೆಯ ಗೆಲುವುಗಳು. ಕೇಳಬೇಕಾದ ರೀತಿಯಲ್ಲಿ ಕೇಳಿಲ್ಲ, ಇನ್ನೊಮ್ಮೆ ಸರಿಯಾಗಿ ಕೇಳಿ ಎನ್ನುತ್ತದೆ ಕೋರ್ಟು. ಸರಿಯಾಗಿ ಕೇಳಿದ ಮೇಲೆ ಅದೇ ತೀರ್ಮಾನ ತೆಗೆದುಕೊಂಡರೆ ತಡೆಯಿಲ್ಲ. ಉತ್ತರ ಲಂಡನ್ನಿನ ಬ್ರೆಂಟ್ ಕೌನ್ಸಿಲ್ 12ರಲ್ಲಿ 6 ಲೈಬ್ರರಿ ಮುಚ್ಚಿದಾಗ, ಅದೇ 2011ರಲ್ಲಿ, ಜನ ಹೈಕೋರ್ಟಿನಲ್ಲೂ ಮೇಲ್ಮನವಿಯಲ್ಲೂ ಸೋತರು.

ಆ ಆರರಲ್ಲಿ ಒಂದಾದ ಕೆನ್ಸಲ್ ರೈಸ್ ಲೈಬ್ರರಿಯ ಕತೆ ಮಾತ್ರ ಸ್ವಲ್ಪ ಬೇರೆ. 1900ರಲ್ಲಿ ಅದನ್ನು ಉದ್ಘಾಟಿಸಿದ್ದು ಮಾರ್ಕ್ ಟ್ವೇನ್. ಜಾಗ ಕೊಟ್ಟಿದ್ದ ಆಕ್ಸ್‌ಫರ್ಡ್‌ನ ಆಲ್ ಸೋಲ್ಸ್ ಕಾಲೇಜು, ಲೈಬ್ರರಿಯಾಗಿ ಉಳಿಯದಿದ್ದರೆ ಜಾಗ ತನಗೇ ಮರಳಬೇಕು ಎಂದು ಷರತ್ತು ಹಾಕಿತ್ತು. 2012ರ ಮೇ ಕೊನೆಯಲ್ಲಿ ಬೆಳಗಿನ ಜಾವ ಪೊಲೀಸರ ಕಾವಲಿನಲ್ಲಿ ಕೌನ್ಸಿಲ್ ಪುಸ್ತಕ ಸಾಗಿಸಿತು. ಮುಂದೆ ಕಟ್ಟಡ ಡೆವಲಪರ್ ಪಾಲಾಗಿ ಮೇಲೆ ಫ್ಲ್ಯಾಟುಗಳಾದವು. ಆದರೆ ಕೌನ್ಸಿಲ್ಲಿನ ಬದಲು ಕಾಲೇಜಿನ ಜೊತೆ ಚೌಕಾಸಿ ಮಾಡುವ ಅವಕಾಶ ಸಿಕ್ಕ ಸ್ಥಳೀಯರು, ಕೆಳಗೆ ಸಮುದಾಯದ ಲೈಬ್ರರಿಗೆ ಜಾಗ ಉಳಿಸಿಕೊಂಡರು. ನೂರು ವರ್ಷದ ಹಿಂದಿನ ದಾನಪತ್ರದ ಒಂದು ಸಾಲು ಇಂದಿನ ಕಾಯ್ದೆಗಳೆಲ್ಲ ಮಾಡಲಾರದ್ದನ್ನು ಒಂದಿಷ್ಟಾದರೂ ಮಾಡಿತು.

ಹೋರಾಟಗಾರರ ಬಗ್ಗೆಯೂ ಒಂದು ಮಾತು. ಇಂಥ ಚಳವಳಿಗಳಲ್ಲಿ ಬಾಲ್ಯದ ನೆನಪುಗಳ ಭಾಷಣವೇ ಹೆಚ್ಚು, ಲೆಕ್ಕಪತ್ರ ಕಡಿಮೆ. ಹರ್ನ್ ಹಿಲ್‌ನಲ್ಲಿ ಕಟ್ಟಡ ವಹಿಸಿಕೊಳ್ಳಲು ಟ್ರಸ್ಟ್ ಕಟ್ಟಿದವರಿಗೂ ಲೈಬ್ರರಿಯ ಹಳೆಯ ಗೆಳೆಯರ ಬಳಗಕ್ಕೂ ಆಗಿಬರಲಿಲ್ಲ. ಎರಡು ಗುಂಪು ಎರಡು ಬಗೆಯ ಭವಿಷ್ಯ ಕೇಳಿದರೆ ಕೌನ್ಸಿಲ್ಲಿಗೆ ತನಗೆ ಬೇಕಾದವರ ಜೊತೆ ಕೂರುವುದು ಸುಲಭ. ಜೊತೆಗೆ, ಹೊಸ ಕಟ್ಟಡ ನಿಜಕ್ಕೂ ಹೆಚ್ಚು ಜನರಿಗೆ ಅನುಕೂಲವಾಗುವ ಸಂದರ್ಭಗಳೂ ಇರುತ್ತವೆ. ಎಲ್ಲ ಸ್ಥಳಾಂತರವೂ ಮೋಸವಲ್ಲ. ಆದರೆ ಲೈಬ್ರರಿಗೆ ಅದರದೇ ಸ್ವಂತ ಕಟ್ಟಡ ಇದ್ದಾಗ ಮುಚ್ಚುವುದು ಕಷ್ಟ, ಇನ್ನೊಬ್ಬರ ಕಟ್ಟಡದ ಒಂದು ಮಹಡಿಯಲ್ಲಿದ್ದಾಗ ಸುಲಭ. ಗಂಟೆಗಳನ್ನು ಇಳಿಸಬಹುದು, ಕಪಾಟು ಸರಿಸಬಹುದು, ಸದ್ದಿಲ್ಲದೆ ಚಿಕ್ಕದು ಮಾಡುತ್ತಾ ಹೋಗಬಹುದು. ಜನ ಕಟ್ಟಡಕ್ಕೆ ಜೋತುಬೀಳುವುದನ್ನು ಬರೀ ಭಾವುಕತೆ ಎಂದು ತಳ್ಳಿಹಾಕುವವರು ಇದನ್ನು ಗಮನಿಸಿದಂತಿಲ್ಲ.

ಈಗ ಅನುಭವಸ್ಥರು ಮೊದಲು ಮಾಡುವ ಕೆಲಸ, ಸುದ್ದಿ ಕಿವಿಗೆ ಬಿದ್ದ ತಕ್ಷಣ ಕಟ್ಟಡವನ್ನು ‘ಸಮುದಾಯ ಮೌಲ್ಯದ ಆಸ್ತಿ’ಯ ಪಟ್ಟಿಗೆ ಸೇರಿಸಲು ಅರ್ಜಿ ಹಾಕುವುದು. 2011ರ ಲೋಕಲಿಸಂ ಕಾಯ್ದೆ ಕೊಟ್ಟ ಅಸ್ತ್ರ ಇದು. ಪಟ್ಟಿಗೆ ಸೇರಿದರೆ ಐದು ವರ್ಷ ಊರ್ಜಿತ. ವಿಲೇವಾರಿಗೆ ಹೊರಟಾಗ ಸ್ಥಳೀಯ ಗುಂಪು ಆರು ವಾರದೊಳಗೆ ಆಸಕ್ತಿ ತೋರಿಸಿದರೆ, ಒಟ್ಟು ಆರು ತಿಂಗಳು ವ್ಯವಹಾರ ನಿಲ್ಲುತ್ತದೆ. ಹಣ ಹೊಂದಿಸಿಕೊಳ್ಳಲು ಅಷ್ಟು ಸಮಯ. ಅದು ಮುಗಿದ ಮೇಲೆ ಯಾರಿಗೆ ಕೊಡಬೇಕೆಂಬುದು ಮತ್ತೆ ಕೌನ್ಸಿಲ್ಲಿನ ಇಷ್ಟ. ಎರಡನೆಯದು, ಮಾಹಿತಿ ಸ್ವಾತಂತ್ರ್ಯ ಕಾಯ್ದೆಯಡಿ ಬಾಡಿಗೆ, ರಿಯಾಯಿತಿ ಅವಧಿ, ರಿಪೇರಿ ಹೊಣೆ, ನವೀಕರಣದ ಹಕ್ಕು ಇವುಗಳ ವಿವರ ಕೇಳುವುದು, ಸಂಪುಟದ ಸಭೆಗೆ ಮುನ್ನವೇ.

ಮೂರನೆಯದು ಲೀಸಿನ ಅವಧಿ ನೋಡುವುದು. 2011ರ ಕಾಯ್ದೆಯ ಆ ಆರು ತಿಂಗಳ ತಡೆ ಅನ್ವಯವಾಗುವುದು ಕನಿಷ್ಠ 25 ವರ್ಷದ ಲೀಸಿಗೆ. 24 ವರ್ಷಕ್ಕೆ ಬರೆದ ಕರಾರಿನ ಹತ್ತಿರ ಅದು ಸುಳಿಯುವುದೇ ಇಲ್ಲ.